ಬ್ಯಾಕ್‌ಫೈರ್: ಹಚ್ಚಿದವರತ್ತ ತಿರುಗಿದ ಬೆಂಕಿ

ಇಂಗ್ಲಿಷ್ ಪತ್ರಿಕೆ ಓದತೊಡಗಿದವರಿಗೆ ಬೇಗನೆ ಎದುರಾಗುವ ಕ್ರಿಯಾಪದ ‘ಬ್ಯಾಕ್‌ಫೈರ್’. ‘ಬ್ಯಾಕ್’ ಎಂದರೆ ಹಿಂದೆ, ‘ಫೈರ್’ ಎಂದರೆ ಬೆಂಕಿ ಎಂದು ಬಿಡಿಸಿಕೊಂಡರೆ ಅರ್ಥ ಸಿಕ್ಕುವುದಿಲ್ಲ. ಹೂಡಿದ ಉಪಾಯ ಉದ್ದೇಶಕ್ಕೆ ವಿರುದ್ಧವಾದ ಫಲ ಕೊಟ್ಟು, ಹೂಡಿದವರಿಗೇ ಕೇಡು ತಂದರೆ ಅದು ಬ್ಯಾಕ್‌ಫೈರ್ ಆಯಿತು ಎನ್ನುತ್ತಾರೆ. ನಾವು ‘ತಿರುಗುಬಾಣವಾಯಿತು’ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ.

ಪದ ಬಳಕೆಗೆ ಬಂದದ್ದು 1830ರ ದಶಕದ ಅಮೆರಿಕದಲ್ಲಿ. ಅಲ್ಲಿನ ವಿಶಾಲ ಹುಲ್ಲುಗಾವಲುಗಳಿಗೆ ಬೆಂಕಿ ಬಿದ್ದರೆ ಗಾಳಿ ಬೀಸಿದತ್ತ ಓಡುತ್ತಿತ್ತು. ನೀರು ಹೊತ್ತು ಆರಿಸುವ ಮಾತೇ ಇರಲಿಲ್ಲ. ಆಗ ಜನ ಅದರ ದಾರಿಯಲ್ಲಿದ್ದ ಒಣಹುಲ್ಲನ್ನು ತಾವೇ ಮೊದಲು ಸುಟ್ಟುಬಿಡುತ್ತಿದ್ದರು. ದೊಡ್ಡ ಬೆಂಕಿ ಅಲ್ಲಿಗೆ ಬರುವಷ್ಟರಲ್ಲಿ ಉರಿಯಲು ಏನೂ ಉಳಿದಿರುತ್ತಿರಲಿಲ್ಲ. ಹೀಗೆ ಎದುರಿನಿಂದ ಹಚ್ಚುವ ಬೆಂಕಿಯೇ ಬ್ಯಾಕ್‌ಫೈರ್. ಅಂದರೆ ಮೊದಲಿಗೆ ಇದು ಕಾಪಾಡುವ ಬೆಂಕಿಯ ಹೆಸರು! ಅಮೆರಿಕದ ಕಾಳ್ಗಿಚ್ಚು ಸಿಬ್ಬಂದಿ ಇಂದಿಗೂ ಈ ವಿದ್ಯೆಯನ್ನು ಬಳಸುತ್ತಾರೆ. ಬಂಡೀಪುರದಲ್ಲಿ ನಮ್ಮ ಅರಣ್ಯ ಇಲಾಖೆ ಬಿರುಬೇಸಿಗೆಗೆ ಮುಂಚೆ ಸುಟ್ಟು ಮಾಡುವ ಬೆಂಕಿ ರೇಖೆಗಳೂ ಇದೇ ತಿಳಿವಳಿಕೆಯವು. ಅವನ್ನು ಮುಂಗಡವಾಗಿ ಮಾಡುತ್ತಾರೆ ಅಷ್ಟೇ.

ಕೆಟ್ಟ ಅರ್ಥ ಅಂಟಿಕೊಂಡದ್ದು ಯಂತ್ರಗಳ ಕಾಲದಲ್ಲಿ. ಎಂಜಿನ್ ಸಿಲಿಂಡರಿನಲ್ಲಿ ಪೆಟ್ರೋಲ್ ಆವಿ ಸರಿಯಾದ ಕ್ಷಣಕ್ಕೆ ಹೊತ್ತಬೇಕು. ಹೊತ್ತು ತಪ್ಪಿ ಉರಿದರೆ ‘ಫಟ್’ ಎಂದು ಸಿಡಿಯುತ್ತದೆ. 1890ರ ದಶಕದಲ್ಲೇ ಇದಕ್ಕೆ ಬ್ಯಾಕ್‌ಫೈರ್ ಎಂಬ ಹೆಸರು ಬಿತ್ತು. ಆಗಿನ ಕಾರುಗಳನ್ನು ಮುಂದೆ ನಿಂತು ಹ್ಯಾಂಡಲ್ ತಿರುವಿ ಚಾಲೂ ಮಾಡಬೇಕಿತ್ತು. ಎಂಜಿನ್ ಹೀಗೆ ಸಿಡಿದಾಗ ಹ್ಯಾಂಡಲ್ ಹಿಮ್ಮುಖವಾಗಿ ತಿರುಗಿ, ತಿರುವುತ್ತಿದ್ದವರ ಕೈಮೂಳೆಯನ್ನೇ ಮುರಿಯುತ್ತಿತ್ತು. 1912ರ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದದ್ದು ಇಂಥ ಅಪಾಯ ತಪ್ಪಿಸಲೆಂದೇ. ಉಪಾಯಗಳು ಕೈಕೊಡುವುದಕ್ಕೂ ಈ ಪದ ಹರಡಿದ್ದು ಸರಿಸುಮಾರು ಅದೇ ವರ್ಷಗಳಲ್ಲಿ.

ಈಗ ಬಳಕೆ. ಕಲಿಯುವವರು ಇದನ್ನು ‘ಫೇಲ್’ ಜೊತೆ ಬೆರೆಸುವುದುಂಟು. ಫೇಲ್ ಆದರೆ ಬಯಸಿದ್ದು ಆಗಲಿಲ್ಲ, ಅಷ್ಟೆ. ಬ್ಯಾಕ್‌ಫೈರ್ ಆದರೆ ಬಯಸಿದ್ದಕ್ಕೆ ತದ್ವಿರುದ್ಧವಾದದ್ದು ಆಗುತ್ತದೆ. ಚೀನಾದಲ್ಲಿ 1958ರಲ್ಲಿ ಮಾವೊ ಸರ್ಕಾರ, ಕಾಳು ತಿನ್ನುತ್ತವೆಂದು ಗುಬ್ಬಚ್ಚಿಗಳ ಮೇಲೆ ಸಮರ ಸಾರಿತು. ಜನ ತಟ್ಟೆ, ತಮಟೆ ಬಡಿದು ಅವು ಎಲ್ಲೂ ಕೂರದಂತೆ ಮಾಡಿದರು. ಹಾರಿ ಹಾರಿ ದಣಿದು ಹಕ್ಕಿಗಳು ಸತ್ತುಬಿದ್ದವು. ಆದರೆ ಗುಬ್ಬಚ್ಚಿ ಕಾಳನ್ನಷ್ಟೇ ತಿನ್ನುವುದಿಲ್ಲ, ಹುಳುಗಳನ್ನೂ ತಿನ್ನುತ್ತದೆ. ತಿನ್ನುವವರಿಲ್ಲದೆ ಹುಳುಗಳು ಹೆಚ್ಚಿ ಪೈರಿಗೆ ಮುತ್ತಿದವು. 1960ರಲ್ಲಿ ಸರ್ಕಾರ, ಕೊಲ್ಲಬೇಕಾದ ಜೀವಿಗಳೆಂದು ತಾನು ಮಾಡಿದ್ದ ಪಟ್ಟಿಯಿಂದ ಗುಬ್ಬಚ್ಚಿಯನ್ನು ತೆಗೆದು ತಿಗಣೆಯನ್ನು ಸೇರಿಸಿತು. ಗುಬ್ಬಚ್ಚಿಯನ್ನು ಕೊಲ್ಲುವುದರಲ್ಲಿ ಆ ಯೋಜನೆ ಸೋಲಲಿಲ್ಲ, ಗೆದ್ದಿತು. ಕೆಟ್ಟದ್ದು ಆ ಗೆಲುವಿನಿಂದಲೇ. ‘ಫೇಲ್’ ಎಂಬ ಪದಕ್ಕೆ ಇದನ್ನು ಹೇಳುವ ಶಕ್ತಿಯಿಲ್ಲ.

ಇನ್ನೊಂದು ಎಚ್ಚರ. ಬ್ಯಾಕ್‌ಫೈರ್ ಆಗುವುದು ಉಪಾಯ, ಮನುಷ್ಯನಲ್ಲ. ‘ಹಿ ಬ್ಯಾಕ್‌ಫೈರ್ಡ್’ ಎಂದು ಬರೆಯಬೇಡಿ. ‘ಹಿಸ್ ಪ್ಲ್ಯಾನ್ ಬ್ಯಾಕ್‌ಫೈರ್ಡ್’ ಎನ್ನಿ. ಏಟು ಯಾರಿಗೆ ಬಿತ್ತೆಂದು ಹೇಳಬೇಕಾದರೆ ‘ಆನ್’ ಸೇರಿಸಿ: ‘ದಿ ಪ್ಲ್ಯಾನ್ ಬ್ಯಾಕ್‌ಫೈರ್ಡ್ ಆನ್ ಹಿಮ್’. ಆಸ್ಟ್ರೇಲಿಯಾದ ಸಿಡ್ನಿ ಸುತ್ತಲಿನ ಮೂಲನಿವಾಸಿಗಳ ಭಾಷೆಯಿಂದ ಬಂದ ‘ಬೂಮರಾಂಗ್’ ಕೂಡ ಇಂಗ್ಲಿಷಿನಲ್ಲಿ ಇದೇ ಅರ್ಥದ ಕ್ರಿಯಾಪದವಾಗುತ್ತದೆ. ಅದರ ಜೊತೆಗೂ ಇದೇ ‘ಆನ್’ ಬರುತ್ತದೆ.