ಗ್ರಾಮಸಭೆಗೆ ಹೊರಡುವ ಮುನ್ನ

ನಿಮ್ಮೂರಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಕೊಳಾಯಿಗಳ ಪ್ರಸ್ತಾಪವೆಲ್ಲ ಮುಗಿದು ಜನರು ಚಹಾದ ಕಡೆಗೆ ಮನಸ್ಸು ಹರಿಸುವುದಕ್ಕೆ ಮೊದಲು, ಅಂಗವಿಕಲರ ಪಾಲಿನ ವಿಚಾರವನ್ನೂ ಒಮ್ಮೆ ಎತ್ತಬೇಕೆಂಬುದು ನನ್ನ ವಿಜ್ಞಾಪನೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಅಂಗೀಕರಿಸಿ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಬಡತನ ನಿವಾರಣೆಯ ಹಾಗೂ ಅಭಿವೃದ್ಧಿಯ ಯೋಜನೆಗಳಲ್ಲಿ, ವಸತಿ ಮತ್ತು ಕೃಷಿಭೂಮಿಯ ಹಂಚಿಕೆಯಲ್ಲಿ ಶೇಕಡಾ 5ರಷ್ಟನ್ನು ಮೀಸಲಿರಿಸಿ, ಅದರಲ್ಲಿಯೂ ಸ್ತ್ರೀಯರಿಗೆ ಆದ್ಯತೆಯನ್ನು ವಿಧಿಸಿರುವುದರಿಂದ, ಇದನ್ನು ಕೇಳುವಾಗ ದೈನ್ಯದ ಧ್ವನಿ ಬೇಕಿಲ್ಲ.

ಆದರೆ ಕೇಳುವ ಉತ್ಸಾಹದಲ್ಲಿ ನೀವೇ ಅವರ ಪರವಾಗಿ ವಕಾಲತ್ತು ವಹಿಸಿಬಿಡಬೇಡಿರಿ. ಕಣ್ಣು ಕಾಣದವನೊಬ್ಬನು ಎದುರಿಗೇ ಕುಳಿತಿರುವಾಗ 'ಇವನಿಗೇನು ಬೇಕಂತೆ?' ಎಂದು ಪಕ್ಕದವನನ್ನು ಕೇಳುವ ಚಾಳಿಯೊಂದು ನಮ್ಮಲ್ಲುಂಟು. ಅವನ ಕಿವಿಗೇನಾಗಿದೆಯೋ ನಾನರಿಯೆ! ಅವರನ್ನೇ ಮಾತನಾಡಿಸಿರಿ. ಸಭೆಯನ್ನು ಮೆಟ್ಟಿಲುಗಳ ಮೇಲಣ ಜಗಲಿಯಲ್ಲಿ ಸೇರಿಸದೆ, ಗಾಲಿಕುರ್ಚಿ ನಿರಾಯಾಸವಾಗಿ ಸಾಗುವ ಸಮತಲದಲ್ಲಿ ಸೇರಿಸಿರಿ. ಕಿವಿ ಕೇಳದವರಿದ್ದರೆ ಸಂಜ್ಞಾಭಾಷೆ ಬಲ್ಲವರೊಬ್ಬರನ್ನು ಮೊದಲೇ ಗೊತ್ತುಮಾಡಿರಿ.

ಇನ್ನು ಇಳಿಜಾರಿನ ಸಂಗತಿ. ಶಾಲೆಯ ಬಾಗಿಲಿನಲ್ಲಿಯೋ ಪಂಚಾಯತಿ ಕಚೇರಿಯ ಮುಂದೆಯೋ ಕಾಟಾಚಾರಕ್ಕೆಂದು ಕಟ್ಟಿದ ಕಡಿದಾದ ಇಳಿಜಾರುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವು ಮೋಟಾರು ಸೈಕಲ್ಲನ್ನು ಒಳಗೆ ನಿಲ್ಲಿಸುವವರಿಗೆ ಮಾತ್ರ ಪರಮೋಪಕಾರಿ. ಒಂದಡಿ ಎತ್ತರಕ್ಕೆ ಕನಿಷ್ಠಪಕ್ಷ 12 ಅಡಿ ಉದ್ದ, ಇಕ್ಕೆಲದಲ್ಲಿ ಹಿಡಿಕಂಬಿ, ಜಾರದ ನೆಲ ಇವಿಷ್ಟೂ ಇರಬೇಕು. ಗುತ್ತಿಗೆದಾರನ ಬಿಲ್ಲಿಗೆ ಸಹಿ ಬೀಳುವ ಮುನ್ನವೇ ಅಳತೆಪಟ್ಟಿ ಹಿಡಿದು ನೋಡಿರಿ. ಗಾಲಿಕುರ್ಚಿ ಬಳಸುವವರು ಊರಿನಲ್ಲಿದ್ದರೆ ಅವರೇ ಹತ್ತಿಳಿದು ಒಪ್ಪುವ ತನಕ ಆ ಸಹಿ ಕಾದಿರಲಿ.