ಹಾಡಿಗೆ ಬೇಕಾದಷ್ಟೇ

ಅರೀಥಾ ಫ್ರ್ಯಾಂಕ್ಲಿನ್ ಹಾಡಿದ ‘ರೆಸ್ಪೆಕ್ಟ್’, ವಿಲ್ಸನ್ ಪಿಕೆಟ್ ಅವರ ‘ಮಸ್ಟಾಂಗ್ ಸ್ಯಾಲಿ’, ಪರ್ಸಿ ಸ್ಲೆಜ್ ಅವರ ‘ವೆನ್ ಎ ಮ್ಯಾನ್ ಲವ್ಸ್ ಎ ವುಮನ್’, ಪಾಲ್ ಸೈಮನ್ ಅವರ ‘ಕೋಡಕ್ರೋಮ್’, ಬಾಬ್ ಸೀಗರ್ ಅವರ ‘ಓಲ್ಡ್ ಟೈಮ್ ರಾಕ್ ಅಂಡ್ ರೋಲ್’. ಈ ಎಲ್ಲ ಹಾಡುಗಳಲ್ಲೂ ಡ್ರಮ್ಸ್ ನುಡಿಸಿದವರು ಒಬ್ಬರೇ, ರೋಜರ್ ಹಾಕಿನ್ಸ್. 1945ರಲ್ಲಿ ಹುಟ್ಟಿದ ಅವರು ಅಮೆರಿಕದ ಅಲಬಾಮಾ ರಾಜ್ಯದ ಮಸಲ್ ಶೋಲ್ಸ್ ಎಂಬ ಸಣ್ಣ ಊರಿನ ಆಸುಪಾಸಿನಲ್ಲೇ ಬಹುಪಾಲು ಬದುಕಿ, 2021ರ ಮೇ ತಿಂಗಳಲ್ಲಿ ತೀರಿಕೊಂಡರು. ಹಾಡುಗಳು ಲೋಕಕ್ಕೆಲ್ಲ ಗೊತ್ತು. ಹೆಸರು ಮಾತ್ರ ನಮ್ಮಂಥ ವಾದಕರ ನಡುವೆಯೇ ಓಡಾಡಿಕೊಂಡಿದೆ.

ನಾನು ಬೆಂಗಳೂರಿನ ಸ್ಟುಡಿಯೋಗಳಲ್ಲಿ ಡ್ರಮ್ಸ್ ನುಡಿಸಿ ಸಂಸಾರ ನಡೆಸಿದವನು. ಸಿನಿಮಾ ಹಾಡು, ಭಾವಗೀತೆ, ಭಕ್ತಿಗೀತೆ, ಜಾಹೀರಾತಿನ ಜಿಂಗಲ್, ಗಣೇಶೋತ್ಸವದ ಆರ್ಕೆಸ್ಟ್ರಾ, ಕರೆದ ಕಡೆಗೆಲ್ಲ ಹೋಗಿದ್ದೇನೆ. ಹಾಕಿನ್ಸ್ ಅವರನ್ನು ಕಂಡವನಲ್ಲ. ಅವರ ಮತ್ತು ಅವರ ಕಾಲದ ಇತರ ಡ್ರಮ್ಮರ್‌ಗಳ ರೆಕಾರ್ಡ್ ಕೇಳಿ ಕಲಿತದ್ದನ್ನು ನನ್ನ ಕೆಲಸದಲ್ಲಿ ಒರೆಗೆ ಹಚ್ಚಿ ನೋಡಿದ್ದೇನೆ. ನಿಂತದ್ದನ್ನು ಇಲ್ಲಿ ಬರೆದಿದ್ದೇನೆ.

1. ಗಾಯಕರ ಉಸಿರು ಕೇಳಿಸಿಕೊಳ್ಳಿ

ಪರ್ಸಿ ಸ್ಲೆಜ್ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆಯ ಕೆಲಸಕ್ಕಿದ್ದವರು. ಅಲಬಾಮಾದ ಶೆಫೀಲ್ಡ್ ಊರಿನ ಪುಟ್ಟ ಸ್ಟುಡಿಯೋವೊಂದರಲ್ಲಿ ಅವರು ಹಾಡಿದ ‘ವೆನ್ ಎ ಮ್ಯಾನ್ ಲವ್ಸ್ ಎ ವುಮನ್’ ಪ್ರೇಮಗೀತೆ 1966ರ ಮೇ ತಿಂಗಳಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅದನ್ನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಡ್ರಮ್ಸ್ ಮೇಲೆ ಮಾತ್ರ ಕಿವಿಯಿಟ್ಟು ಕೇಳಿ. ನಿಧಾನ ನಡೆ, ಒಂದೊಂದು ಎಣಿಕೆಯೂ ಮೂರು ಮೂರಾಗಿ ಉರುಳುತ್ತದೆ. ಸ್ಲೆಜ್ ದನಿ ಎತ್ತರಿಸಿ ಕೂಗುವ ಜಾಗ ಬಂದಾಗ ಯಾವ ಡ್ರಮ್ಮರ್‌ನ ಕೈಯಾದರೂ ತಾನಾಗಿ ಮೇಲೇಳುತ್ತದೆ. ಹಾಕಿನ್ಸ್ ಕೈ ಏಳುವುದಿಲ್ಲ. ಗಾಯಕ ನೋವನ್ನು ಹೇಳಿಕೊಳ್ಳುತ್ತಿರುವಾಗ ತನ್ನದೂ ಒಂದು ಮಾತು ಇರಲಿ ಎಂದು ಅವರಿಗೆ ಅನ್ನಿಸಿಲ್ಲ. ಆಗ ಅವರಿಗೆ ಇಪ್ಪತ್ತೊಂದೂ ತುಂಬಿರಲಿಲ್ಲ.

ನಮ್ಮಲ್ಲಿ ಈಗ ಗಾಯಕರು ಬರುವ ಮೊದಲೇ ಡ್ರಮ್ಸ್ ರೆಕಾರ್ಡ್ ಆಗಿರುತ್ತದೆ. ಟ್ರ್ಯಾಕ್ ಹಾಡಿದವರ ದನಿಯಾದರೂ ಇದೆಯೇ ಎಂದು ನಾನು ಕೇಳುತ್ತೇನೆ. ಅದೂ ಇಲ್ಲವಾದರೆ ಸಾಹಿತ್ಯದ ಹಾಳೆ ತರಿಸಿಕೊಂಡು, ಎಲ್ಲಿ ಉಸಿರು ತೆಗೆದುಕೊಳ್ಳಬಹುದು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಪಲ್ಲವಿ ಮುಗಿದು ಚರಣಕ್ಕೆ ಹೋಗುವ ಜಾಗದಲ್ಲಿ ಒಂದು ಫಿಲ್, ಅಂದರೆ ಸಾಲುಗಳ ನಡುವೆ ತುಂಬುವ ಪೆಟ್ಟುಗಳ ಗುಚ್ಛ, ಹಾಕುವ ಮುನ್ನ, ಅಲ್ಲಿ ಕೊನೆಯ ಅಕ್ಷರ ದೀರ್ಘವೋ ಹ್ರಸ್ವವೋ ನೋಡಿಕೊಳ್ಳಬೇಕು. ದೀರ್ಘವಾದರೆ ಗಾಯಕರು ಅದನ್ನು ಎಳೆಯುತ್ತಾರೆ, ಅದರ ಮೇಲೆ ಟಾಮ್ ಬಾರಿಸಿದರೆ ಸಾಹಿತ್ಯ ಕೇಳಿಸದು. ಇಷ್ಟು ಮಾಡುವುದಕ್ಕೆ ಕನ್ನಡ ಓದಲು ಬಂದರೆ ಸಾಕು, ಆದರೂ ಮಾಡುವವರು ಕಡಿಮೆ.

2. ಸರ್ವಲಘುವೇ ನಮ್ಮ ಅನ್ನ

ನಾನು ಮೊದಲು ಕಲಿತದ್ದು ಮೃದಂಗ. ಗುರುಗಳು ಮೋಹರ, ಕೋರ್ವೆಯಂಥ ಲೆಕ್ಕದ ರಚನೆಗಳನ್ನು ಕಲಿಸುವುದಕ್ಕೆ ಮೊದಲು ತಿಂಗಳುಗಟ್ಟಲೆ ಸರ್ವಲಘುವನ್ನೇ ನುಡಿಸಲು ಹಚ್ಚಿದರು. ಲೆಕ್ಕಾಚಾರ ಇಲ್ಲ, ಹಾಡಿನ ಜೊತೆ ಒಂದೇ ಹರಿವಿನಲ್ಲಿ ಹೋಗಬೇಕು. ಕಛೇರಿಯಲ್ಲಿ ಚಪ್ಪಾಳೆ ಸಿಗುವುದು ತಾಳವಾದ್ಯ ಮಾತ್ರ ಮೆರೆಯುವ ತನಿ ಆವರ್ತನಕ್ಕೆ. ಕೃತಿಯನ್ನು ಹೊತ್ತು ನಡೆಯುವುದು ಸರ್ವಲಘು. ಕರೆದಾಗ ಸ್ಟುಡಿಯೋಗೆ ಹೋಗಿ ನುಡಿಸುವ ಸೆಷನ್ ಡ್ರಮ್ಮರ್‌ನ ಬದುಕಿನಲ್ಲಿ ತನಿ ಎಂಬುದು ಇಲ್ಲವೇ ಇಲ್ಲ ಎನ್ನಬಹುದು.

ಸ್ಟೇಪಲ್ ಸಿಂಗರ್ಸ್ ತಂಡದ ‘ಐ’ಲ್ ಟೇಕ್ ಯೂ ದೇರ್’ 1972ರದು. ಇಡೀ ಹಾಡಿಗೆ ಎರಡೇ ಕಾರ್ಡ್. ಅವೇ ಮತ್ತೆ ಮತ್ತೆ ಸುತ್ತಿ ಬರುತ್ತವೆ. ಗಾಯಕಿ ಮೇವಿಸ್ ಸ್ಟೇಪಲ್ಸ್ ಅದರ ಮೇಲೆ ತಮಗೆ ತೋಚಿದಂತೆ ಕರೆಯುತ್ತಾರೆ, ನಗುತ್ತಾರೆ, ವಾದಕರನ್ನು ಹುರಿದುಂಬಿಸುತ್ತಾರೆ. ಕೆಳಗೆ ಹಾಕಿನ್ಸ್ ಮತ್ತು ಬೇಸ್ ಗಿಟಾರಿನ ಡೇವಿಡ್ ಹುಡ್ ಜಗ್ಗದೆ ನಿಂತಿದ್ದಾರೆ. ಮೇವಿಸ್‌ಗೆ ಅಷ್ಟು ಸ್ವಾತಂತ್ರ್ಯ ಸಿಕ್ಕಿದ್ದು ಇವರು ಜಗ್ಗದ್ದರಿಂದಲೇ.

ಕಲಿಯುವವರಿಗೆ ನಾನು ಕೊಡುವ ಅಭ್ಯಾಸ ಒಂದೇ. ಸರಳವಾದ ಒಂದು ಬೀಟ್ ಹಿಡಿದು, ಫಿಲ್ ಹಾಕದೆ, ಬೇಸರ ಕಳೆಯುವವರೆಗೆ ನುಡಿಸುತ್ತಾ ಹೋಗಿ. ಬೇಸರ ಬಂದೇ ಬರುತ್ತದೆ. ಅದು ದಾಟಿದ ಮೇಲೆ ಹೈ-ಹ್ಯಾಟ್‌ನ ಒಂದೊಂದು ಪೆಟ್ಟಿನ ತೂಕ ಬೇರೆ ಬೇರೆಯಾಗಿ ಕೇಳಿಸತೊಡಗುತ್ತದೆ. ನಿಜವಾದ ಕಲಿಕೆ ಅಲ್ಲಿಂದ ಮುಂದೆ.

3. ಎಲ್ಲವನ್ನೂ ನುಡಿಸಬಲ್ಲವನು ಎಂದರೆ ಎಲ್ಲವನ್ನೂ ಕೇಳಿದವನು

ಪಿಕೆಟ್‌ಗೆ ನುಗ್ಗುವ ಲಯ ಬೇಕಿತ್ತು, ಅರೀಥಾಗೆ ಚರ್ಚಿನ ಒಳಗಿನ ಲಯ, ಸೈಮನ್‌ಗೆ ಹಗುರ ಹೆಜ್ಜೆ, ಸೀಗರ್‌ಗೆ ನೇರ ರಾಕ್. 1973ರಲ್ಲಿ ಇಂಗ್ಲೆಂಡಿನ ‘ಟ್ರಾಫಿಕ್’ ತಂಡದ ಜೊತೆ ಹಾಕಿನ್ಸ್ ವೇದಿಕೆ ಹತ್ತಿ ಊರೂರು ಸುತ್ತಿದರು, ಅಲ್ಲಿ ಒಂದೊಂದು ಹಾಡೂ ಬಹಳ ಹೊತ್ತು ಬೆಳೆಯುತ್ತಿತ್ತು. ಸ್ಟೇಪಲ್ ಸಿಂಗರ್ಸ್ ಹಾಡನ್ನು ಕೇಳಿದ ಪಾಲ್ ಸೈಮನ್, ಇದನ್ನು ನುಡಿಸಿದ ಜಮೈಕಾದ ಕಪ್ಪು ವಾದಕರು ಬೇಕೆಂದು ರೆಕಾರ್ಡ್ ಕಂಪನಿಗೆ ಫೋನ್ ಮಾಡಿದರಂತೆ. ಅವರೆಲ್ಲ ಅಲಬಾಮಾದ ಬಿಳಿಯ ಹುಡುಗರು ಎಂಬ ಉತ್ತರ ಬಂತು. ಸೈಮನ್ ಅಲ್ಲಿಗೇ ಹೋದರು. ಅಂದುಕೊಂಡ ಒಂದು ಹಾಡು ಬೇಗನೆ ಮುಗಿದುಹೋದ್ದರಿಂದ ಉಳಿದ ಸಮಯದಲ್ಲಿ ‘ಕೋಡಕ್ರೋಮ್’ ಕೂಡ ರೆಕಾರ್ಡ್ ಆಯಿತು.

ಆ ಊರು, ಆ ಕಾಲ ಎಂಥದು ಎಂಬುದನ್ನು ಮರೆಯಬಾರದು. 1963ರಲ್ಲಿ ಅಲಬಾಮಾದ ಗವರ್ನರ್ ಜಾರ್ಜ್ ವಾಲೇಸ್ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ವಿಶ್ವವಿದ್ಯಾಲಯದ ಬಾಗಿಲಲ್ಲಿ ತಾವೇ ನಿಂತಿದ್ದರು. ಅದೇ ರಾಜ್ಯದಲ್ಲಿ, ರಿಕ್ ಹಾಲ್ ನಡೆಸುತ್ತಿದ್ದ ‘ಫೇಮ್’ ಸ್ಟುಡಿಯೋದೊಳಗೆ, ಕಪ್ಪು ಗಾಯಕರ ಹಿಂದೆ ಬಿಳಿಯ ಹುಡುಗರು ಕೂತು ಅವರ ಸಂಗೀತವನ್ನು ಅವರಿಗೆ ಒಪ್ಪುವಂತೆ ನುಡಿಸುತ್ತಿದ್ದರು. ಪುಸ್ತಕದ ಪ್ಯಾಟರ್ನ್ ಉರು ಹೊಡೆದು ಇದು ಬರುವುದಿಲ್ಲ. ಬೇರೆಯವರ ಸಂಗೀತದ ಮೇಲೆ ಪ್ರೀತಿ, ಗೌರವ ಎರಡೂ ಬೇಕು.

ಕಲಿತದ್ದರ ಮೂಲ ಹೇಳುವುದೂ ಈ ಗೌರವದ ಭಾಗ. ‘ಟೋಟೋ’ ತಂಡದ ಜೆಫ್ ಪೊರ್ಕಾರೊ 1982ರ ‘ರೊಸಾನಾ’ದಲ್ಲಿ ನುಡಿಸಿದ ಷಫಲ್ ಎಂಬ ತೂಗಾಡುವ ಲಯ ಇಂದಿಗೂ ಡ್ರಮ್ಮರ್‌ಗಳ ಪರೀಕ್ಷೆ. ಅದರಲ್ಲಿ ಡ್ರಮ್ಮರ್ ಬರ್ನಾರ್ಡ್ ಪರ್ಡಿ ಅವರಿಂದ ಬಂದದ್ದು ಯಾವುದು, ಇನ್ನೊಬ್ಬ ಡ್ರಮ್ಮರ್ ಜಾನ್ ಬಾನಮ್ ಅವರಿಂದ ಬಂದದ್ದು ಯಾವುದು ಎಂದು ಪೊರ್ಕಾರೊ ತಾವೇ ಬಿಡಿಸಿ ಹೇಳಿದ್ದರು. ನಮ್ಮ ತಮಟೆ, ಡೊಳ್ಳಿನ ನಡೆಯನ್ನು ಡ್ರಮ್ಸ್‌ಗೆ ತಂದುಕೊಳ್ಳುವವರು ಅದನ್ನು ಯಾವ ಊರಿನ ಯಾರಿಂದ ಕೇಳಿ ಕಲಿತೆವು ಎಂದು ಹೇಳಲೇಬೇಕು.

4. ಪೆಟ್ಟು ಎಲ್ಲಿ ಬೀಳಬೇಕು

1965ರಲ್ಲಿ ಮೆಂಫಿಸ್ ನಗರದ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ಪಿಕೆಟ್ ಅವರ ‘ಇನ್ ದ ಮಿಡ್‌ನೈಟ್ ಅವರ್’ ರೆಕಾರ್ಡ್ ಆಗುತ್ತಿತ್ತು. ಡ್ರಮ್ಸ್‌ನಲ್ಲಿ ಆಲ್ ಜಾಕ್ಸನ್ ಜೂನಿಯರ್. ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಎದ್ದು ಬಂದು, ಆಗ ಹುಡುಗರು ಕುಣಿಯುತ್ತಿದ್ದ ‘ಜರ್ಕ್’ ಎಂಬ ಕುಣಿತವನ್ನು ಕುಣಿದು ತೋರಿಸಿದರು. ಜಾಕ್ಸನ್ ಎರಡನೆಯ ಮತ್ತು ನಾಲ್ಕನೆಯ ಪೆಟ್ಟನ್ನು ಕೂದಲೆಳೆಯಷ್ಟು ತಡವಾಗಿ ಹಾಕಿದರು. ಆ ತಡವೇ ಮುಂದೆ ಸ್ಟ್ಯಾಕ್ಸ್‌ನ ಗುರುತಾಯಿತು.

ತಡ ಬೇರೆ, ನಿಧಾನವಾಗುವುದು ಬೇರೆ. ಲಯ ಅಲ್ಲಾಡಬಾರದು. ಅಲ್ಲಾಡದ ಲಯದೊಳಗೆ ಸ್ನೇರ್ ಮಾತ್ರ ಹಿಂದೆ ವಾಲಬೇಕು. ಕಿವಿಗೆ ಕ್ಲಿಕ್ (ಲಯ ಎಣಿಸುವ ಯಂತ್ರದ ಸದ್ದು) ಹಾಕಿಕೊಂಡು ಮೊದಲು ಅದರ ಮೇಲೆ, ಆಮೇಲೆ ಅದರ ಹಿಂದೆ, ಕೊನೆಗೆ ಅದರ ಮುಂದೆ ನುಡಿಸಿ ಅಭ್ಯಾಸ ಮಾಡಿ. ಮೂರೂ ಬೇಕೆಂದಾಗ ಬರುವಂತಾದರೆ ಮಾತ್ರ ಕೈ ಪಳಗಿದೆ ಎಂದರ್ಥ. ರೆಕಾರ್ಡಿಂಗ್ ಆದಮೇಲೆ ಕಂಪ್ಯೂಟರಿನಲ್ಲಿ ಎಲ್ಲ ಪೆಟ್ಟುಗಳನ್ನೂ ಗೆರೆಗೆ ಎಳೆದು ಕೂರಿಸುವ ಅಭ್ಯಾಸ ಈಗ ಎಲ್ಲೆಡೆ ಇದೆ. ನನ್ನ ಮಟ್ಟಿಗೆ ಅದು ಡ್ರಮ್ಮರ್‌ನನ್ನು ಕರೆಸಿ ಅವನ ಕೈಯನ್ನು ಬಿಸಾಡಿದಂತೆ. ‘ಒಮ್ಮೆ ಎಳೆಯದೆ ಕೇಳಿ ನೋಡಿ ಸರ್’ ಎಂದು ಎಂಜಿನಿಯರ್‌ಗೆ ಹೇಳುತ್ತೇನೆ. ಕೇಳಿದವರಲ್ಲಿ ಕೆಲವರು ಹಾಗೆಯೇ ಉಳಿಸಿಕೊಂಡಿದ್ದಾರೆ.

5. ಸದ್ದನ್ನು ಹಾಡಿಗೆ ತಕ್ಕಂತೆ ಹದ ಮಾಡಿ

ದೊಡ್ಡ ಕಿಟ್ ಬೇಡ. ಕಿಕ್, ಸ್ನೇರ್, ಹೈ-ಹ್ಯಾಟ್, ಒಂದೆರಡು ಟಾಮ್, ಒಂದೆರಡು ಸಿಂಬಲ್ ಇದ್ದರೆ ಬಹುತೇಕ ಹಾಡುಗಳಿಗೆ ಸಾಕು. ಭಾವಗೀತೆಗೆ ಸ್ನೇರ್ ತೆರೆದಿಟ್ಟರೆ ಗಾಯಕಿಯ ದನಿಯ ಮೇಲೆ ಅದರ ಗುಂಯ್‌ಗುಟ್ಟುವಿಕೆ ಕೂರುತ್ತದೆ. ಚರ್ಮದ ಅಂಚಿಗೆ ಮಡಚಿದ ಹತ್ತಿಬಟ್ಟೆಯನ್ನು ಟೇಪ್ ಹಚ್ಚಿ ಕೂರಿಸಿ, ಅಥವಾ ಹಳೆಯ ಸೋಲ್ ಡ್ರಮ್ಮರ್‌ಗಳಂತೆ ಪರ್ಸನ್ನೇ ಇಡಿ. ಸದ್ದು ಗಿಡ್ಡವಾಗುತ್ತದೆ, ಪದ ಕೇಳಿಸುತ್ತದೆ.

6. ಡೆಮೊ ಎಂದು ಕೈ ಬಿಗಿಹಿಡಿಯಬೇಡಿ

‘ಓಲ್ಡ್ ಟೈಮ್ ರಾಕ್ ಅಂಡ್ ರೋಲ್’ಗೆ ಹಾಕಿನ್ಸ್ ಮತ್ತು ಜೊತೆಗಾರರು ನುಡಿಸಿದ್ದು ಡೆಮೊ ಆಗಿ, ಹಾಡನ್ನು ಯಾರಿಗಾದರೂ ಕೇಳಿಸಿ ಒಪ್ಪಿಸುವುದಕ್ಕಾಗಿ. ಅದು ಸೀಗರ್ ಕೈಗೆ ಬಂತು. ಮತ್ತೆ ನುಡಿಸಿ ನೋಡಿದರೂ ಡೆಮೊದಲ್ಲಿದ್ದ ಕಸುವು ಬರಲಿಲ್ಲ. ಕೊನೆಗೆ ಆ ಡೆಮೊ ಟ್ರ್ಯಾಕ್ ಮೇಲೆಯೇ ಸೀಗರ್ ದನಿ ಕೂರಿಸಿದರು. 1978ರ ‘ಸ್ಟ್ರೇಂಜರ್ ಇನ್ ಟೌನ್’ ಆಲ್ಬಮ್‌ನಲ್ಲಿ ಲೋಕ ಕೇಳಿದ್ದು ಅದನ್ನೇ. ಕಡಿಮೆ ದುಡ್ಡಿನ ಕೆಲಸಕ್ಕೆ ಅರ್ಧ ಮನಸ್ಸು ಸಾಕು ಎನ್ನುವ ಹುಡುಗರಿಗೆ ನಾನು ಈ ಕತೆ ಹೇಳುತ್ತೇನೆ. ದುಡ್ಡು ಸಾಲದು ಅನ್ನಿಸಿದರೆ ಕೆಲಸ ಒಪ್ಪಿಕೊಳ್ಳಬೇಡಿ, ಒಪ್ಪಿದ ಮೇಲೆ ಪೂರ್ತಿ ನುಡಿಸಿ.

7. ಕಾಯುವುದೂ ಕೆಲಸವೇ

1967ರ ಜನವರಿಯಲ್ಲಿ ಅರೀಥಾ ಮೊದಲ ಬಾರಿಗೆ ಫೇಮ್ ಸ್ಟುಡಿಯೋಗೆ ಬಂದರು. ‘ಐ ನೆವರ್ ಲವ್ಡ್ ಎ ಮ್ಯಾನ್’ ಹಾಡಿಗೆ ರೂಪ ಸಿಗದೆ ಎಲ್ಲರೂ ತಡಕಾಡುತ್ತಿದ್ದರು. ಕೀಬೋರ್ಡ್ ವಾದಕ ಸ್ಪೂನರ್ ಓಲ್ಡ್‌ಹ್ಯಾಮ್ ಎಲೆಕ್ಟ್ರಿಕ್ ಪಿಯಾನೊದಲ್ಲಿ ಒಂದು ತುಣುಕು ಹಿಡಿದರು. ಹಾಡು ಅಲ್ಲಿಂದ ಎದ್ದು ನಿಂತಿತು, ಉಳಿದವರು ಅದರ ಹಿಂದೆ ಹೋದರು. ಅದೇ ದಿನ ಜಗಳವಾಗಿ ಅರೀಥಾ ಊರು ಬಿಟ್ಟರು, ಎರಡನೆಯ ಹಾಡು ಅರ್ಧಕ್ಕೇ ನಿಂತಿತು. ನಿರ್ಮಾಪಕ ವೆಕ್ಸ್ಲರ್ ವಾದಕರನ್ನೇ ನ್ಯೂಯಾರ್ಕ್‌ಗೆ ಕರೆಸಿಕೊಂಡರು. ಫೆಬ್ರವರಿಯಲ್ಲಿ ‘ರೆಸ್ಪೆಕ್ಟ್’ ಹುಟ್ಟಿದ್ದು ಅಲ್ಲಿ.

ಬೀಟ್ ತೋಚದಿದ್ದಾಗ ಡ್ರಮ್ಮರ್ ಒಂದಾದ ಮೇಲೊಂದು ಪ್ಯಾಟರ್ನ್ ಬಾರಿಸಿ ತೋರಿಸುವುದು ಉಳಿದವರ ಕಿವಿಯನ್ನು ಕೆಡಿಸುತ್ತದೆ. ಕಡ್ಡಿ ಕೆಳಗಿಟ್ಟು ಕೂರಿ. ಹಾಡಿನ ಎಳೆ ಕೀಬೋರ್ಡ್‌ನಲ್ಲಿ ಸಿಗಬಹುದು, ಗಿಟಾರ್‌ನಲ್ಲಿ ಸಿಗಬಹುದು. ಸಿಕ್ಕಾಗ ಹಿಡಿಯಲು ಕೈ ಖಾಲಿ ಇರಬೇಕು.

8. ಚೆನ್ನಾಗಿದೆ ಎಂದರೆ ನಂಬಿ

ಹಾಕಿನ್ಸ್ ಹೇಳಿಕೊಂಡ ಒಂದು ಮಾತು ನನಗೆ ಬಹಳ ಪ್ರಿಯ. ನೀನು ದೊಡ್ಡ ಡ್ರಮ್ಮರ್ ಎಂದು ವೆಕ್ಸ್ಲರ್ ಒಮ್ಮೆ ಹೇಳಿದರಂತೆ. ಅದನ್ನು ಕೇಳಿ ಮೈ ಸಡಿಲವಾಗಿ, ಅಲ್ಲಿಂದ ತಾನು ನಿಜಕ್ಕೂ ಹಾಗೆ ನುಡಿಸಲಾರಂಭಿಸಿದೆ ಎಂದು ಅವರು ನೆನೆದಿದ್ದಾರೆ. ಹಿರಿಯರು ಇದನ್ನು ಓದುತ್ತಿದ್ದರೆ, ಕಿರಿಯರಿಗೆ ಒಳ್ಳೆಯ ಮಾತನ್ನು ತಡಮಾಡದೆ ಹೇಳಿ.

9. ದುಡ್ಡು ಮತ್ತು ಹೆಸರು

ಸೆಷನ್ ವಾದಕನಿಗೆ ಸಾಮಾನ್ಯವಾಗಿ ಆ ದಿನದ ಸಂಬಳ ಸಿಗುತ್ತದೆ, ಹಾಡು ಎಷ್ಟು ವರ್ಷ ಓಡಿದರೂ ಅಷ್ಟೇ. ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ‘ಫಂಕಿ ಡ್ರಮ್ಮರ್’ನಲ್ಲಿ ನುಡಿಸಿದ ಕೆಲವು ಸೆಕೆಂಡುಗಳ ಬೀಟನ್ನು ಹಿಪ್-ಹಾಪ್ ಕಲಾವಿದರು ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಎತ್ತಿಕೊಂಡರು. ಅದರ ರಾಯಲ್ಟಿ ಅವರಿಗೆ ಬರಲಿಲ್ಲ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿ ತನ್ನ ವಾದಕರ ಹೆಸರನ್ನು ಆಲ್ಬಮ್ ಮೇಲೆ ಅಚ್ಚು ಹಾಕಿದ್ದು 1971ರ ‘ವಾಟ್ಸ್ ಗೋಯಿಂಗ್ ಆನ್’ನಲ್ಲಿ. ಅಲ್ಲಿನ ಮಹಾನ್ ಡ್ರಮ್ಮರ್ ಬೆನ್ನಿ ಬೆಂಜಮಿನ್ 1969ರಲ್ಲೇ ತೀರಿಕೊಂಡಿದ್ದರು.

ಹಾಕಿನ್ಸ್ ಬೇರೆ ದಾರಿ ಹಿಡಿದರು. 1969ರಲ್ಲಿ ಅವರು, ಜೊತೆ ವಾದಕರಾದ ಡೇವಿಡ್ ಹುಡ್, ಬ್ಯಾರಿ ಬೆಕೆಟ್, ಜಿಮ್ಮಿ ಜಾನ್ಸನ್ ನಾಲ್ವರೂ ಫೇಮ್ ಬಿಟ್ಟು, ವೆಕ್ಸ್ಲರ್ ನೆರವಿನಿಂದ ಶೆಫೀಲ್ಡ್‌ನ 3614 ಜಾಕ್ಸನ್ ಹೈವೇಯಲ್ಲಿ ತಮ್ಮದೇ ಸ್ಟುಡಿಯೋ ತೆರೆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಅಲ್ಲಿಗೆ ಬಂದು ‘ಬ್ರೌನ್ ಶುಗರ್’ ರೆಕಾರ್ಡ್ ಮಾಡಿತು. ವಾದಕರು ಮಾಲೀಕರಾದದ್ದು ಅವರ ಬದುಕಿನ ಅತಿ ಜಾಣ ನಿರ್ಧಾರ ಎಂದು ನಾನು ತಿಳಿದಿದ್ದೇನೆ.

ನಮ್ಮಲ್ಲಿ ಎಲ್ಲರೂ ಸ್ಟುಡಿಯೋ ಕಟ್ಟಲಾಗದು. ಆದರೆ ನಮ್ಮ ಹೆಸರು ಹಾಕಿ ಎಂದು ಕೇಳಬಹುದು. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ, ಪ್ರದರ್ಶನ ವಾಣಿಜ್ಯ ಬಳಕೆಗೆ ಹೋದಾಗ ಕಲಾವಿದರಿಗೆ ರಾಯಲ್ಟಿಯ ಹಕ್ಕು ಕೊಟ್ಟಿತು. ಅದರಲ್ಲೇ ಒಂದು ಷರತ್ತೂ ಇದೆ. ಸಿನಿಮಾದಲ್ಲಿ ಯಾರ ಕೆಲಸ ಪ್ರಾಸಂಗಿಕ ಮಾತ್ರವೋ, ಉದ್ಯಮದ ರೂಢಿಯಂತೆ ಕ್ರೆಡಿಟ್ ಸೇರಿ ಎಲ್ಲೂ ಯಾರ ಹೆಸರು ಬರುವುದಿಲ್ಲವೋ, ಅವರನ್ನು ಕಾನೂನು ಬಹುಮಟ್ಟಿಗೆ ಪ್ರದರ್ಶಕರೆಂದು ಎಣಿಸುವುದಿಲ್ಲ. ಹೀಗಾಗಿ ಹೆಸರು ಹಾಕಿಸಿಕೊಳ್ಳುವುದು ಬರೀ ಮರ್ಯಾದೆಯ ಪ್ರಶ್ನೆಯಾಗಿ ಉಳಿದಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರೇ, ರೆಕಾರ್ಡಿಂಗ್ ಮುಗಿದ ಸಂಜೆಯೇ ಯಾರು ಯಾವ ವಾದ್ಯ ನುಡಿಸಿದರು ಎಂಬ ಪಟ್ಟಿ ಬರೆದು, ತಾರೀಖು ಹಾಕಿ, ಅರೇಂಜರ್‌ಗೂ ಆಡಿಯೋ ಕಂಪನಿಗೂ ಕಳಿಸಿ, ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ. ಸಂಗೀತ ನಿರ್ದೇಶಕರಲ್ಲಿ ನನ್ನದೊಂದು ವಿನಂತಿ: ನಿಮ್ಮ ಮುಂದಿನ ಹಾಡು ಯೂಟ್ಯೂಬ್‌ಗೆ ಏರುವಾಗ, ಕೆಳಗಿನ ವಿವರದಲ್ಲಿ ಡ್ರಮ್ಸ್, ತಬಲಾ, ಕೊಳಲು ನುಡಿಸಿದವರ ಹೆಸರುಗಳನ್ನೂ ಹಾಕಿಸಿ.