ಕೊಯ್ಲಿಗೆ ಮುಂಚೆ ಒಂದಿಷ್ಟು ಕಿವಿಮಾತು

ಮಲೆನಾಡಿನಲ್ಲಿ ಯಾವ ರೋಗಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ಚಾ ಅಂಗಡಿಯಲ್ಲೇ ಅರ್ಧ ತೀರ್ಮಾನ ಆಗಿರುತ್ತದೆ. ತೋಟಕ್ಕಿಳಿಯುವ ಮಕ್ಕಳು ಇದನ್ನು ಕೇಳಿ.

• ಮಂಗನ ಕಾಯಿಲೆ ಎಂದರೆ ಮೂಡಿಗೆರೆಯವರು ಕೊಪ್ಪದ ಕಡೆ ಕೈ ತೋರಿಸುತ್ತಾರೆ, ಕೊಪ್ಪದವರು ತೀರ್ಥಹಳ್ಳಿಯ ಕಡೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ ಅಲ್ಲೇ ನಿಂತಿಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಎನ್‌.ಆರ್‌. ಪುರ, ಶೃಂಗೇರಿಗೂ ಬಂದಿದೆ.

• ‘ಪಕ್ಕದವರಿಗೆ ಏನೂ ಆಗಲಿಲ್ಲವಲ್ಲ’ ಎಂದು ಧೈರ್ಯ ತಂದುಕೊಳ್ಳಬೇಡಿ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಸೋಂಕಿನ ಉಣುಗು ಕಚ್ಚಿದರೆ ಬರುತ್ತದೆ. ಒಂದೇ ಲೈನ್‌ ಮನೆಯಲ್ಲಿ ಒಬ್ಬರು ಮಲಗಿ ಉಳಿದವರು ಕಾಫಿ ಹಣ್ಣು ಕುಯ್ಯಲು ಹೋಗುವುದು ಅದಕ್ಕೇ. ಹಾಗಿರುವಾಗ ಜ್ವರದವರ ತಟ್ಟೆ ಲೋಟ ಬೇರೆ ಇಡುವುದು, ಅವರ ಬಾಗಿಲಿಗೆ ಹೋಗದಿರುವುದು ದೊಡ್ಡ ಅನ್ಯಾಯ. ಒಬ್ಬರನ್ನು ಹೀಗೆ ದೂರ ಇಟ್ಟರೆ ಮುಂದಿನವರು ಜ್ವರವನ್ನೇ ಮುಚ್ಚಿಡುತ್ತಾರೆ. ನನಗೆ ಎಲ್ಲಕ್ಕಿಂತ ಸಂಕಟ ಕೊಡುವುದು ಇದೇ.

• ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆಯನ್ನು ಮೇಸ್ತ್ರಿ ಹಚ್ಚಿಕೊಂಡರೆ ಗುಂಪೆಲ್ಲ ಹಚ್ಚಿಕೊಳ್ಳುತ್ತದೆ, ಅವರು ನಕ್ಕರೆ ಬಾಟಲಿ ಮೂಲೆ ಸೇರುತ್ತದೆ. ದರಗಿಗೋ ಸೌದೆಗೋ ಹೊರಡುವಾಗ ಹಿರಿಯರೇ ಎಲ್ಲರೆದುರು ಕೈಕಾಲಿಗೆ ಸವರಿಕೊಳ್ಳಲಿ. ಬಂದ ಮೇಲೆ ಬಿಸಿನೀರಿನ ಸ್ನಾನ; ಹಾಕಿದ ಬಟ್ಟೆಯನ್ನು ಒಗೆಯಲು ಹಾಕಿ.

• ಅಸ್ಸಾಮಿನಿಂದ ಬಂದ ಕೆಲಸಗಾರರಿಗೆ ನಮ್ಮ ಕಟ್ಟೆಯ ಮಾತು ತಲುಪುವುದಿಲ್ಲ. ಅವರಲ್ಲಿ ಒಬ್ಬರಿಗೆ ಸರಿಯಾಗಿ ತಿಳಿಸಿಕೊಡಿ, ಅವರ ಮಾತನ್ನು ಉಳಿದವರು ನಂಬುತ್ತಾರೆ.

• ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ಹೇಳಿ. ‘ಸುದ್ದಿಯಾದರೆ ಆಳು ಬರುವುದಿಲ್ಲ, ಹೂತುಬಿಡು’ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

• ಮಾತು ಭಯವನ್ನು ಬೆಳೆಸುವುದೂ ಉಂಟು. 2025ರ ಮಳೆಗಾಲದಲ್ಲಿ ಪಕ್ಕದ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಮೊಬೈಲಿಂದ ಮೊಬೈಲಿಗೆ ಹರಿದು, ಗಟ್ಟಿಮುಟ್ಟಾದವರೂ ಜಯದೇವ ಹೃದ್ರೋಗ ಆಸ್ಪತ್ರೆಯೆದುರು ಸಾಲು ನಿಂತರು. ತಜ್ಞರ ಸಮಿತಿ ನೋಡಿ, ಸಾವು ಹಿಂದಿಗಿಂತ ಹೆಚ್ಚಿಲ್ಲ ಎಂದಿತು. ಅಷ್ಟು ಹೆದರಿದವರು ಬಿ.ಪಿ. ಮಾತ್ರೆ ತಪ್ಪಿಸದೆ ನುಂಗಿದರೆ, ಬೀಡಿ ಬಿಟ್ಟರೆ ಎಷ್ಟೋ ಒಳ್ಳೆಯದು.

• ಮತ್ತೆ ಮಂಗನ ಕಾಯಿಲೆಯ ಮಾತಿಗೆ ಬಂದರೆ, ಡಿಸೆಂಬರಿನಿಂದ ಮೇವರೆಗೆ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ನೆರೆಯವರು ‘ಬಿಸಿಲಿಗೆ ಇರಬೇಕು’ ಅಂದರೂ ಕಾಯಬೇಡಿ. ಅಂಗಡಿಯ ನೋವಿನ ಮಾತ್ರೆಯೂ ಬೇಡ, ರಕ್ತಸ್ರಾವದ ಅಪಾಯವಿದೆ. ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಇಳಿದ ಜ್ವರ ಒಂದೆರಡು ವಾರ ಬಿಟ್ಟು ಮರಳಿದರೆ, ಮಾತು ತೊದಲಿದರೆ, ಜೀಪು ಮಾಡಿಕೊಂಡು ಅಂದೇ ಆಸ್ಪತ್ರೆಗೆ ಹೊರಡಿ.